ಪಾಠ ಬಾಯಿಗೆ ಬಂದ ಮೇಲೆ: ಗೋವಾದ ಪ್ರಥಮ ಪರಮಪ್ರಸಾದ ತರಗತಿಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ನಡೆದದ್ದು ಗೋವಾದ ಮುರ್ಗಾಂವ್ ತಾಲ್ಲೂಕಿನ ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ, ಅಂದರೆ ಚರ್ಚಿನಲ್ಲಿ. ಅಲ್ಲಿನ ಮಕ್ಕಳು, ಪೋಷಕರು, ಶಿಕ್ಷಕಿ, ಗುರುಗಳು (ಪಾದ್ರಿ) ಯಾರೆಂದು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದೆ. ತರಗತಿಯಲ್ಲಿ ಆದ ತಪ್ಪು, ತೆಗೆದುಕೊಂಡ ನಿರ್ಧಾರ, ಅದರ ಫಲ ಮಾತ್ರ ಇದ್ದದ್ದು ಇದ್ದಂತೆಯೇ ಇವೆ.

ಹಿನ್ನೆಲೆ

ವಾಸ್ಕೋ ಸುತ್ತಮುತ್ತಲಿನ ಓಣಿಗಳಲ್ಲಿ ಗದಗ, ಬಾಗಲಕೋಟೆ, ಹಾವೇರಿ, ಕೊಪ್ಪಳ ಕಡೆಯಿಂದ ದುಡಿಯಲು ಬಂದು ನೆಲೆಸಿದ ಕನ್ನಡದ ಮನೆಗಳು ಬಹಳ. ಅವುಗಳಲ್ಲಿ ಕಥೋಲಿಕ ಕುಟುಂಬಗಳು ಕಡಿಮೆಯಾದರೂ ಈ ಧರ್ಮಕೇಂದ್ರದ ಮಟ್ಟಿಗೆ ತರಗತಿಯೊಂದನ್ನು ತುಂಬಿಸುವಷ್ಟಿವೆ. ಆ ವರ್ಷ ಪ್ರಥಮ ಪರಮಪ್ರಸಾದಕ್ಕೆ, ಅಂದರೆ ಚರ್ಚಿನ ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ನಂಬಿ ಸೇವಿಸುವ ಪ್ರಸಾದವನ್ನು ಮೊದಲ ಸಲ ಪಡೆಯುವುದಕ್ಕೆ, ಹೆಸರು ಕೊಟ್ಟ ಮೂರನೇ, ನಾಲ್ಕನೇ ಇಯತ್ತೆಯ ಮಕ್ಕಳಲ್ಲಿ 17 ಮಂದಿ ಕನ್ನಡದ ಮನೆಯವರು. ಕೆಲವರು ಇಂಗ್ಲಿಷ್ ಮಾಧ್ಯಮದವರು, ಕೆಲವರು ಕೊಂಕಣಿ ಇಲ್ಲವೇ ಮರಾಠಿ ಸರ್ಕಾರಿ ಶಾಲೆಯವರು. ಕನ್ನಡ ಓದಲು ಬರುತ್ತಿದ್ದವರು ನಾಲ್ಕೇ ಮಂದಿ. ಮಾತು ಮಾತ್ರ ಎಲ್ಲರದೂ ಅಚ್ಚ ಉತ್ತರ ಕರ್ನಾಟಕದ್ದು.

ಭಾನುವಾರದ ಪೂಜೆ ಮುಗಿದ ಮೇಲೆ 45 ನಿಮಿಷ ತರಗತಿ. ಗೋವಾದವರು ಇದನ್ನು ದೊತೊರ್ನ್ ಎನ್ನುತ್ತಾರೆ. ಪಠ್ಯ ರೋಮನ್ ಲಿಪಿಯ ಕೊಂಕಣಿಯಲ್ಲಿ, ಪ್ರಶ್ನೋತ್ತರ ರೂಪದಲ್ಲಿತ್ತು. ಶಿಕ್ಷಕಿ ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಬಂದು ಗೋವಾದಲ್ಲೇ ನೆಲೆ ನಿಂತವರು, ಎರಡೂ ಭಾಷೆ ಬಲ್ಲವರು. ಜೂನ್‌ನಿಂದ ಜನವರಿಯವರೆಗೆ 40 ಪ್ರಶ್ನೆಗಳನ್ನು ಬಾಯಿಪಾಠ ಮಾಡಿಸಿದರು. ಮಕ್ಕಳು ಒಕ್ಕೊರಲಿನಲ್ಲಿ, ಒಂದು ಅಕ್ಷರ ತಪ್ಪದೆ ಹೇಳುತ್ತಿದ್ದರು.

ತೊಡಕು ಬೆಳಕಿಗೆ ಬಂದ ಬಗೆ

ಜನವರಿ ಕೊನೆಯಲ್ಲಿ ಗುರುಗಳು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಮಾತಾಡಿಸಿದರು. ಪುಸ್ತಕದ ಪ್ರಶ್ನೆ ಬಿಟ್ಟು ಬೇರೆ ಎರಡು ಕೇಳಿದರು: ಪೂಜೆ ಶುರುವಾಗುವ ಮುಂಚೆ ಸಕ್ರಿಸ್ತಿಯ (ಪೂಜೆಯ ಸಾಮಾನಿಡುವ ಕೋಣೆಯ) ಡಬ್ಬಿಯಲ್ಲಿರುವ ಓಸ್ತಿ (ಪೂಜೆಗೆ ಬಳಸುವ ತೆಳ್ಳನೆಯ ದುಂಡು ಬಿಲ್ಲೆ) ಏನು? ಪೂಜೆ ಮುಗಿದ ಮೇಲೆ ಪರಮಪ್ರಸಾದದ ಪೆಟ್ಟಿಗೆಯಲ್ಲಿ, ಕೆಂಪು ದೀಪದ ಪಕ್ಕ, ಇಟ್ಟಿರುವುದು ಏನು? 17ರಲ್ಲಿ 13 ಮಕ್ಕಳು ಎರಡಕ್ಕೂ "ಯೇಸುಸ್ವಾಮಿ" ಎಂದರು. ಇಬ್ಬರು ಎರಡೂ ಬರೀ ರೊಟ್ಟಿ ಎಂದರು. ಸರಿಯಾದ ಉತ್ತರ: ಮೊದಲನೆಯದು ಬರೀ ರೊಟ್ಟಿ, ಎರಡನೆಯದು ಯೇಸುಸ್ವಾಮಿ. ಒಬ್ಬ ಹುಡುಗ ಮರುಪ್ರಶ್ನೆ ಹಾಕಿದ: "ಫಾದರ್, ನಮ್ಮ ತಂಗಿಗೂ ಒಂದು ಒಯ್ಯಬಹುದೇನ್ರಿ?" ಅವರ ಮನೆಯಲ್ಲಿ ಯಾರ ಕೈಗೆ ಏನು ಸಿಕ್ಕರೂ ಹಂಚಿ ತಿನ್ನುವ ವಾಡಿಕೆ. ಅವನಿಗೆ ತಂಗಿಯ ಮೇಲಿದ್ದ ಅಕ್ಕರೆ ಒಳ್ಳೆಯದೇ, ಆದರೆ ತಾನು ಪಡೆಯಲಿರುವುದು ಯಾವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇದನ್ನು ಸಣ್ಣ ಕೊರತೆ ಎಂದು ತಳ್ಳಿಹಾಕುವಂತಿಲ್ಲ. ಹತ್ತನೇ ಭಕ್ತಿನಾಥ, ಅಂದರೆ ಪೋಪ್ ಹತ್ತನೇ ಪಯಸ್, 1910ರ ಆಗಸ್ಟ್ 8ರ ಆದೇಶದಲ್ಲಿ ಮಕ್ಕಳು ಸುಮಾರು ಏಳನೇ ವಯಸ್ಸಿಗೆ ಪರಮಪ್ರಸಾದ ಪಡೆಯಬಹುದೆಂದು ಹೇಳಿದಾಗ ಪೂರ್ಣ ಶಾಸ್ತ್ರಜ್ಞಾನವನ್ನೇನೂ ಕೇಳಲಿಲ್ಲ. ಪರಮಪ್ರಸಾದದ ರೊಟ್ಟಿಗೂ ಊಟದ ರೊಟ್ಟಿಗೂ ಇರುವ ಭೇದ ಮಗುವಿಗೆ ತಿಳಿದಿರಬೇಕು ಎಂಬುದನ್ನು ಮಾತ್ರ ಬಿಡಲಿಲ್ಲ. ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ 913ನೇ ವಿಧಿ ಕೂಡ ಮಕ್ಕಳು ತಮ್ಮ ಅಳವಿಗೆ ತಕ್ಕಂತೆ ಕ್ರಿಸ್ತರ ರಹಸ್ಯವನ್ನು ಅರಿತು, ವಿಶ್ವಾಸದಿಂದ ಪಡೆಯುವಂತಿರಬೇಕು ಎನ್ನುತ್ತದೆ. 40 ಉತ್ತರ ಹೇಳಬಲ್ಲ ಮಗು ಈ ಒಂದರಲ್ಲೇ ಎಡವಿತ್ತು.

ಎರಡನೆಯ ತೊಡಕು ಪಾಪನಿವೇದನೆಯದು, ಅಂದರೆ ಪರಮಪ್ರಸಾದಕ್ಕೆ ಮುಂಚೆ ತಪ್ಪುಗಳನ್ನು ಗುರುವಿನ ಮುಂದೆ ಗುಟ್ಟಾಗಿ ಹೇಳಿಕೊಳ್ಳುವುದರದು. ಒಂದು ಭಾನುವಾರ ಮಕ್ಕಳು ನೋಟ್‌ಬುಕ್‌ಗಳನ್ನು ಬೆಂಚಿನ ಮೇಲೆ ತೆರೆದಿಟ್ಟೇ ನೀರು ಕುಡಿಯಲು ಓಡಿದ್ದರು. ಮೂರು ನಾಲ್ಕು ಪುಸ್ತಕಗಳಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದೇ ಪಟ್ಟಿ ಇತ್ತು. ತಂದೆತಾಯಿಯ ಮಾತು ಮೀರಿದೆ ಎಂಬ ಸಾಲಿನ ಕಾಗುಣಿತ ಎಲ್ಲದರಲ್ಲೂ ಒಂದೇ ಅಕ್ಷರದಲ್ಲಿ ತಪ್ಪಿತ್ತು. ಅದರ ಕೆಳಗೆ ಎಂಟು ವರ್ಷದ ಮಗುವಿನ ಗುಂಡು ಅಕ್ಷರದಲ್ಲಿ "ವ್ಯಭಿಚಾರ ಮಾಡಿದೆ" ಎಂದಿತ್ತು. ಬೈಬಲ್ಲಿನ ದಶಾಜ್ಞೆಗಳನ್ನು ಸಾಲಾಗಿ ಇಳಿಸಿ, ಪ್ರತಿಯೊಂದಕ್ಕೂ "ಮಾಡಿದೆ" ಸೇರಿಸಿದ ಪಟ್ಟಿ ಅದು. ಯಾರದೋ ಅಕ್ಕ ಬರೆದುಕೊಟ್ಟದ್ದನ್ನು ಉಳಿದವರು ನಕಲು ಮಾಡಿಕೊಂಡಿದ್ದರು.

ಶಿಕ್ಷಕಿ ಪುಸ್ತಕಗಳನ್ನು ಮುಚ್ಚಿಟ್ಟರು. ಇದು ಯಾರ ಪುಸ್ತಕ, ಹೀಗೇಕೆ ಬರೆದೆ ಎಂದು ಯಾರನ್ನೂ ಕೇಳಲಿಲ್ಲ. ಗುರುಗಳ ಹತ್ತಿರವೂ ಮಕ್ಕಳ ಹೆಸರೆತ್ತದೆ "ಪಟ್ಟಿ ಓಡಾಡುತ್ತಿದೆ" ಎಂದಷ್ಟೇ ಹೇಳಿದರು. ಇಡೀ ಪ್ರಕರಣದಲ್ಲಿ ಇದು ದೊಡ್ಡ ವಿವೇಕದ ನಡೆ. ಪಾಪನಿವೇದನೆಗೆಂದು ಮಗು ಬರೆದುಕೊಂಡದ್ದನ್ನು ತರಗತಿಯಲ್ಲಿ ಎತ್ತಿ ತೋರಿಸಿದ್ದರೆ, ಅಲ್ಲಿ ಹೇಳಿದ ಮಾತು ಹೊರಬೀಳುವುದಿಲ್ಲ ಎಂದು ಮುಂದೆ ಎಷ್ಟು ಕಲಿಸಿದರೂ ಆ ಮಕ್ಕಳು ನಂಬುತ್ತಿರಲಿಲ್ಲ. ಇನ್ನೊಂದು ಸಂಗತಿ ಗಮನಿಸಬೇಕು. ಇಂಥ ತಪ್ಪು ಪಾಪನಿವೇದನೆಯ ಸ್ಥಳದಲ್ಲಿ ಗುರುವಿಗೆ ತಿಳಿದರೆ ಅವರು ಶಿಕ್ಷಕಿಗೆ ಸೂಚನೆಯನ್ನೂ ಕೊಡುವಂತಿಲ್ಲ, 983ನೇ ವಿಧಿ ಅದಕ್ಕೆ ಆಸ್ಪದ ಕೊಡುವುದಿಲ್ಲ. ಆದ್ದರಿಂದ ಕಲಿಸುವವರು ಇದನ್ನು ಮೊದಲೇ ಕಂಡುಕೊಳ್ಳಬೇಕು.

ಮಾಡಿ ನೋಡಿದ್ದು

ಮೊದಲು ಹೊಳೆದ ಪರಿಹಾರ ಅನುವಾದ. ಎರಡು ವಾರ 40 ಉತ್ತರಗಳನ್ನು ಗ್ರಂಥಸ್ಥ ಕನ್ನಡಕ್ಕೆ ತಂದು ಮತ್ತೆ ಬಾಯಿಪಾಠ ಮಾಡಿಸಲಾಯಿತು. "ಪವಿತ್ರೀಕರಿಸುವ ವರಪ್ರಸಾದ" ಎಂಬುದು ಕೊಂಕಣಿಯಲ್ಲಿ ಎಷ್ಟು ದೂರವಿತ್ತೋ ಕನ್ನಡದಲ್ಲೂ ಅಷ್ಟೇ ದೂರ ಉಳಿಯಿತು. ಆಮೇಲೆ ಒಂದು ಭಾನುವಾರ ಬಣ್ಣ ತುಂಬುವ ಹಾಳೆ, ಇನ್ನೊಂದು ಭಾನುವಾರ ವಿಡಿಯೊ. ಗದ್ದಲ ನಿಂತಿತು, ತಿಳಿವಳಿಕೆ ಇದ್ದಲ್ಲೇ ಇತ್ತು.

ಈ ಹಂತದಲ್ಲಿ ಧರ್ಮಕೇಂದ್ರದ ಹಿರಿಯ ಶಿಕ್ಷಕರಿಂದ ಆಕ್ಷೇಪ ಬಂತು. ಇಲ್ಲಿ ಬೆಳೆಯುವ ಮಕ್ಕಳು ಕೊಂಕಣಿ ಪೂಜೆಯಲ್ಲೇ ನಿಲ್ಲಬೇಕು, ಅವರನ್ನು ಬೇರೆ ಕೂರಿಸಿದರೆ ಎಂದಿಗೂ ಹೊರಗಿನವರಾಗೇ ಉಳಿಯುತ್ತಾರೆ ಎಂಬುದು ಅವರ ಆತಂಕ. ಆತಂಕಕ್ಕೆ ಕಾರಣವಿತ್ತು. ಆದರೆ ಈ ನೆಲದಲ್ಲಿ ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸುವುದು ಹೊಸದಲ್ಲ. 1542ರಲ್ಲಿ ಗೋವಾಕ್ಕೆ ಬಂದಿಳಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸುತ್ತಾ ಮಕ್ಕಳನ್ನು ಪಾಠಕ್ಕೆ ಕರೆಯುತ್ತಿದ್ದರು. ಯೇಸುಸಭೆಯ (ಜೆಸ್ವಿಟ್) ಗುರು ಥಾಮಸ್ ಸ್ಟೀಫನ್ಸ್ ಕೊಂಕಣಿಯಲ್ಲಿ ಸಿದ್ಧಪಡಿಸಿದ ಧರ್ಮೋಪದೇಶ 1622ರಲ್ಲಿ ಗೋವಾದ ರಾಚೋಲ್‌ನಲ್ಲಿ ಅಚ್ಚಾಯಿತು. ಇಂದು ಅದೇ ನ್ಯಾಯ ಕನ್ನಡದ ಮನೆಯ ಮಕ್ಕಳಿಗೂ ಸಲ್ಲಬೇಕಷ್ಟೆ.

ಕೊನೆಗೆ ಗುರುಗಳು ಹೀಗೆ ನಿಗದಿ ಮಾಡಿದರು: ವಿವರಣೆ ಮಕ್ಕಳು ಮನೆಯಲ್ಲಾಡುವ ಕನ್ನಡದಲ್ಲಿ, ಪೂಜೆಯ ಉತ್ತರಗಳು ಕೊಂಕಣಿಯಲ್ಲಿ, ರಾತ್ರಿಯ ಪ್ರಾರ್ಥನೆ ಅವ್ವ ಹೇಳುವ ಭಾಷೆಯಲ್ಲಿ. 40 ಪ್ರಶ್ನೆಗಳಲ್ಲಿ 12 ಮಾತ್ರ ಉಳಿದವು. ಭಾನುವಾರದ ಜೊತೆಗೆ ಬುಧವಾರ ಸಂಜೆ ಒಂದು ಗಂಟೆ ಸೇರಿತು. ಪಾಸ್ಕದ (ಈಸ್ಟರ್) ನಂತರದ ಭಾನುವಾರಕ್ಕೆ ಗೊತ್ತಾಗಿದ್ದ ದಿನಾಂಕವನ್ನು ಸದ್ಯಕ್ಕೆ ಹಾಗೇ ಇಟ್ಟರು.

ಪರಮಪ್ರಸಾದದ ಪಾಠ ಬದಲಾದ ರೀತಿ

ಪಾಠ ಸಕ್ರಿಸ್ತಿಯಿಂದಲೇ ಶುರುವಾಯಿತು. ಒಮ್ಮೆಗೆ ಆರೇ ಮಕ್ಕಳು. ಇನ್ನೂ ಪೂಜೆಯಲ್ಲಿ ಅರ್ಪಿಸದ ಓಸ್ತಿಯ ಡಬ್ಬಿಯನ್ನು ತೆರೆದು ತೋರಿಸಿದರು: ಗೋಧಿಹಿಟ್ಟು ಮತ್ತು ನೀರು, ಹುಳಿಯಿಲ್ಲ, ಉಪ್ಪಿಲ್ಲ, ಸಕ್ಕರೆಯಿಲ್ಲ. ಸಣ್ಣದು ಜನರಿಗೆ, ದೊಡ್ಡದು ಗುರುಗಳು ಎತ್ತಿ ತೋರಿಸುವುದು. "ಈಗ ಇದು ರೊಟ್ಟಿ" ಎಂದು ಶಿಕ್ಷಕಿ ಹೇಳಿ, ಮಕ್ಕಳ ಬಾಯಲ್ಲೂ ಹೇಳಿಸಿದರು. ಅದೇ ಡಬ್ಬಿಯಿಂದ ಎಣಿಸಿ ತೆಗೆದ ಓಸ್ತಿಗಳು ಕಾಣಿಕೆಯಾಗಿ ಬಲಿಪೀಠಕ್ಕೆ ಹೋಗುವುದನ್ನು ಮಕ್ಕಳು ಮುಂದಿನ ಪೂಜೆಯಲ್ಲಿ ಮುಂದಿನ ಸಾಲಲ್ಲಿ ಕೂತು ನೋಡಿದರು. "ಇದು ನನ್ನ ಶರೀರ" ಎಂಬ ಕ್ರಿಸ್ತರ ಮಾತನ್ನು ಗುರು ಉಚ್ಚರಿಸಿ, ಎತ್ತಿ ತೋರಿಸಿ, ಗಂಟೆ ಬಾರಿಸಿದಾಗ ಮಂಡಿಯೂರಿದರು. ಪೂಜೆ ಮುಗಿದ ಮೇಲೆ ಉಳಿದದ್ದು ಡಬ್ಬಿಗೆ ವಾಪಸು ಹೋಗದೆ ಕೆಂಪು ದೀಪದ ಪಕ್ಕದ ಪೆಟ್ಟಿಗೆಗೆ ಹೋಯಿತು. ಅದರ ಮುಂದೆ ಏಕೆ ಮಂಡಿಯೂರುತ್ತೇವೆ, ಡಬ್ಬಿಯ ಮುಂದೆ ಏಕಿಲ್ಲ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತಿದರು. ಅಲ್ಲಿಯವರೆಗೆ ಯಾವ ಉತ್ತರಕ್ಕೂ ಹಿಂದೆ ಒಂದು ಪ್ರಶ್ನೆ ಇರಲಿಲ್ಲ.

ಹೇಳುವ ಮಾತಿನಲ್ಲಿ ಎರಡು ಕಡೆ ಜಾರುವ ಅಪಾಯವಿದೆ. "ರೊಟ್ಟಿಯ ಒಳಗೆ ಯೇಸು ಅಡಗಿ ಕೂತಿದ್ದಾರೆ" ಎಂದರೆ ರೊಟ್ಟಿ ರೊಟ್ಟಿಯಾಗೇ ಉಳಿದು ಪಕ್ಕದಲ್ಲಿ ಇನ್ನೊಬ್ಬರು ಬಂದಂತಾಗುತ್ತದೆ. "ಇದು ಯೇಸುವಿನ ನೆನಪು" ಎಂದು ನಿಲ್ಲಿಸಿದರೆ ಅವರು ಅಲ್ಲಿ ಇಲ್ಲವೆಂದಂತಾಗುತ್ತದೆ. ಇವೆರಡೂ ಧರ್ಮಸಭೆಯ ಬೋಧನೆಯಲ್ಲ. ಈ ತರಗತಿಯಲ್ಲಿ ನೆಲೆ ನಿಂತ ವಾಕ್ಯ ಇಷ್ಟು: "ಕಣ್ಣಿಗೆ, ಬಾಯಿಗೆ ರೊಟ್ಟಿ ಥರಾನೇ ಇರ್ತದ. ಆದರೆ ಅದು ಈಗ ರೊಟ್ಟಿ ಅಲ್ಲ, ಯೇಸುಸ್ವಾಮಿನೇ." ಅದಕ್ಕೆ ಯಾವ ಹೋಲಿಕೆಯನ್ನೂ ಸೇರಿಸದಿದ್ದದ್ದು ಒಳ್ಳೆಯದಾಯಿತು. ಮೊಬೈಲ್ ಚಾರ್ಜ್ ಆದ ಹಾಗೆ ಎಂಬ ಮಾತನ್ನು ಅನೇಕ ತರಗತಿಗಳಲ್ಲಿ ಬಳಸುತ್ತಾರೆ. ಮಗುವಿನ ತಲೆಯಲ್ಲಿ ಉಳಿಯುವುದು ಕರೆಂಟು, ಕ್ರಿಸ್ತರಲ್ಲ.

ಮಕ್ಕಳ ಪ್ರಶ್ನೆಗಳು ಎಷ್ಟು ನೇರವಾಗಿದ್ದವು ಎಂದರೆ ಶಿಕ್ಷಕಿ ಉತ್ತರ ಸಿದ್ಧ ಮಾಡಿಕೊಂಡೇ ಬರಬೇಕಾಯಿತು. "ತುಂಡು ಮಾಡಿದ್ರ ಯೇಸುನೂ ತುಂಡಾಗ್ತಾರೇನ್ರಿ ಟೀಚರ್?" ಇಲ್ಲ, ಪ್ರತಿ ತುಂಡಿನಲ್ಲೂ ಪೂರ್ಣ ಕ್ರಿಸ್ತರೇ ಇದ್ದಾರೆ. ಸಣ್ಣ ತುಂಡು ಸಿಕ್ಕವರಿಗೆ ಏನೂ ಕಡಿಮೆಯಾಗುವುದಿಲ್ಲ. "ಹಲ್ಲು ಹತ್ತಿದ್ರ ನೋವಾಗ್ತದೇನು?" ಇಲ್ಲ, ಪುನರುತ್ಥಾನರಾದ ಕ್ರಿಸ್ತರಿಗೆ ಇನ್ನು ನೋವಿಲ್ಲ, ಸಾವಿಲ್ಲ. ತಂಗಿಗೆ ಒಯ್ಯುವ ಹುಡುಗನಿಗೆ ಸಿಕ್ಕ ಉತ್ತರ: ಕೈಯಲ್ಲಿ ಒಯ್ಯುವಂತಿಲ್ಲ. ತಂಗಿಯನ್ನು ಸಾಲಿನಲ್ಲಿ ಜೊತೆಗೆ ಕರೆದುಕೊಂಡು ಬಾ, ಫಾದರ್ ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ.

ಅರ್ಥ ತಿಳಿದ ಮೇಲಷ್ಟೇ ಅಭ್ಯಾಸಕ್ಕೆ ಇಳಿದರು. ಹಿಂದಿನ ವರ್ಷಗಳಲ್ಲಿ ಎರಡನೇ ವಾರದಲ್ಲೇ ಮಕ್ಕಳ ಕೈಗೆ ಓಸ್ತಿ ಕೊಟ್ಟು ರುಚಿ ತೋರಿಸುತ್ತಿದ್ದರು. "ಎರಡೂ ಒಂದೇ" ಎಂಬ ಗೊಂದಲ ಹುಟ್ಟಿದ್ದು ಬಹುಪಾಲು ಅಲ್ಲಿಂದಲೇ. ಈಗ ಅಭ್ಯಾಸವನ್ನು ಕೊನೆಯ ಎರಡು ವಾರಕ್ಕೆ ತಳ್ಳಿದರು, ಅದನ್ನೂ ಬಲಿಪೀಠದ ಮುಂದೆ ಮಾಡಿಸದೆ ತರಗತಿಯ ಕೋಣೆಯಲ್ಲೇ ಮಾಡಿಸಿದರು. ಎಡಗೈ ಮೇಲೆ, ಬಲಗೈ ಕೆಳಗೆ. "ಕ್ರಿಸ್ತರ ಶರೀರ" ಎಂದಾಗ ಕೇಳುವಂತೆ "ಆಮೆನ್". ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ತಿರುಗುವ ಮುನ್ನವೇ ಬಲಗೈಯಿಂದ ತೆಗೆದು ಸೇವಿಸುವುದು. ಅಂಗೈಯಲ್ಲಿ ಕಣ ಉಳಿದಿದ್ದರೆ ಅದನ್ನೂ ಸೇವಿಸುವುದು. ನಾಲಿಗೆಯ ಮೇಲೆ ಪಡೆಯುವವರಿಗೆ ಬಾಯಿ ಸಾಕಷ್ಟು ತೆರೆದು ನಾಲಿಗೆಯನ್ನು ಕೆಳತುಟಿಯ ಮೇಲಿಡುವುದು. ಕೆಳಗೆ ಬಿದ್ದರೆ ಗಾಬರಿಯಾಗದೆ, ಮೆಟ್ಟದೆ, ನಿಂತಲ್ಲೇ ನಿಂತು ಫಾದರ್‌ಗೆ ಹೇಳುವುದು. ಒಣಗಿದ ಓಸ್ತಿ ಅಂಗುಳಿಗೆ ಅಂಟಿಕೊಂಡು ಮಕ್ಕಳು ಬೆರಳು ಹಾಕಿ ಎಳೆಯುವುದು ಎಲ್ಲ ಕಡೆ ಆಗುತ್ತದೆ. ನಾಲಿಗೆಯಿಂದ ನಿಧಾನ ಬಿಡಿಸಿಕೊಂಡು ನುಂಗಲು ಅಭ್ಯಾಸದಲ್ಲೇ ಹೇಳಿಕೊಟ್ಟರು. ಒಂದು ಗಂಟೆಯ ಉಪವಾಸದಲ್ಲಿ ನೀರು ಮತ್ತು ಔಷಧ ಸೇರುವುದಿಲ್ಲ ಎಂದು ಪೋಷಕರಿಗೆ ತಿಳಿಸಿದರು. ಇದು ಗೊತ್ತಿಲ್ಲದೆ ಬೆಳಗಿನಿಂದ ನೀರೂ ಕೊಡದ ಮನೆಗಳಿದ್ದವು, ಏಪ್ರಿಲ್ ಸೆಕೆಯಲ್ಲಿ ಮಕ್ಕಳು ತಲೆ ಸುತ್ತಿ ಬೀಳುವುದು ಹೀಗೆಯೇ.

ಪಾಪನಿವೇದನೆಯ ಪಾಠ

ಪಟ್ಟಿಯನ್ನು ಬೈದು ಬಿಡಿಸಲಿಲ್ಲ. ಅದರ ಅಗತ್ಯವೇ ಬೀಳದಂತೆ ಪಾಠ ಕಟ್ಟಿದರು. ಮೊದಲು ಪಾಪ ಯಾವುದು, ಯಾವುದಲ್ಲ ಎಂಬುದನ್ನು ಮೂರು ಸಂದರ್ಭಗಳಿಂದ ಬಿಡಿಸಿದರು. ಒಂದು: ತೊಳೆಯುವಾಗ ಗಾಜಿನ ಲೋಟ ಕೈಜಾರಿ ಒಡೆಯಿತು. ಎರಡು: ತಮ್ಮನನ್ನು ನೂಕಿ ಬೀಳಿಸಿ "ಅವನೇ ಬಿದ್ದ" ಎಂದು ಹೇಳಿದ್ದು. ಮೂರು: ಭಾನುವಾರ ಅಪ್ಪನಿಗೆ ಬಂದರಿನಲ್ಲಿ ಪಾಳಿ, ಅವ್ವನಿಗೆ ಮನೆಗೆಲಸ, ಕರೆದುಕೊಂಡು ಹೋಗುವವರಿಲ್ಲದೆ ಪೂಜೆ ತಪ್ಪಿತು.

ಮೊದಲೆರಡನ್ನು ಮಕ್ಕಳು ಥಟ್ಟನೆ ಹೇಳಿದರು. ಮೂರನೆಯದಕ್ಕೆ ತರಗತಿಯೆಲ್ಲ "ಪಾಪ" ಎಂದಿತು. ಪ್ರತಿ ಪಟ್ಟಿಯಲ್ಲೂ ಈ ಸಾಲಿತ್ತು. ಭಾನುವಾರ ದುಡಿಯುವ ತಂದೆತಾಯಿಯ ಮಕ್ಕಳು ತಮ್ಮ ಕೈಯಲ್ಲಿಲ್ಲದ ಸಂಗತಿಗೆ ವರ್ಷಗಟ್ಟಲೆ ತಪ್ಪಿತಸ್ಥರಂತೆ ನಡೆದುಕೊಳ್ಳುತ್ತಿದ್ದರು. ಘೋರ ಪಾಪಕ್ಕೆ ಮೂರು ಕೂಡಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ಗೊತ್ತಿರಬೇಕು, ಬೇಕೆಂದೇ ಮಾಡಿರಬೇಕು. ಎಂಟು ವರ್ಷದ ಮಗು ಒಂಟಿಯಾಗಿ ಹೆದ್ದಾರಿ ದಾಟಿ ಬರಲಾಗದ್ದು ಇದರಲ್ಲಿ ಯಾವುದೂ ಅಲ್ಲ. ಶಿಕ್ಷಕಿ ಇದನ್ನು ಬಿಡಿಸಿ ಹೇಳಿದ ದಿನ ಒಬ್ಬ ಹುಡುಗಿ ಮನೆಗೆ ಹೋಗಿ ತಾಯಿಗೆ ಮೊದಲು ಹೇಳಿದ್ದೇ ಇದನ್ನು. ಪೂಜೆ ಮುಖ್ಯವಲ್ಲ ಎಂದು ಯಾರೂ ತಿಳಿಯದಿರಲೆಂದು ಅದೇ ವಾರ ಓಣಿಯ ದೊಡ್ಡ ಮಕ್ಕಳು ಚಿಕ್ಕವರನ್ನು ಗುಂಪಾಗಿ ಕರೆತರುವ ಏರ್ಪಾಡೂ ಆಯಿತು.

ಆತ್ಮಶೋಧನೆಗೆ ಆಜ್ಞೆಗಳ ಪಟ್ಟಿಯ ಬದಲು ನಾಲ್ಕು ಜಾಗಗಳನ್ನು ಕೊಟ್ಟರು: ದೇವರೊಂದಿಗೆ, ಮನೆಯಲ್ಲಿ, ಶಾಲೆಯಲ್ಲಿ, ಓಣಿಯಲ್ಲಿ. ಬರೆಯಬೇಕಾಗಿಲ್ಲ, ಕಣ್ಣು ಮುಚ್ಚಿ ಒಂದೊಂದರಲ್ಲೂ ಸ್ವಲ್ಪ ನಿಲ್ಲಬೇಕು. ಅಭ್ಯಾಸದಲ್ಲಿ ಯಾವ ಮಗುವೂ ತನ್ನ ನಿಜವಾದ ತಪ್ಪನ್ನು ಹೇಳಕೂಡದು ಎಂಬ ನಿಯಮ ಮಾಡಿದರು. ಕಲ್ಪಿತ ಹುಡುಗನೊಬ್ಬನ ತಪ್ಪುಗಳನ್ನಿಟ್ಟುಕೊಂಡು ಕ್ರಮ ಕಲಿತರು: ಶಿಲುಬೆ ಗುರುತು, ಇದು ನನ್ನ ಮೊದಲ ಪಾಪನಿವೇದನೆ ಎಂಬ ಮಾತು, ತಪ್ಪು ಹೇಳುವುದು, ಫಾದರ್ ಹೇಳಿದ್ದನ್ನು ಕೇಳುವುದು, ಪಶ್ಚಾತ್ತಾಪದ ಪ್ರಾರ್ಥನೆ, ಪಾಪವಿಮೋಚನೆಯ ಮಾತಿಗೆ ಆಮೆನ್, ಕೊಟ್ಟ ಪ್ರಾಯಶ್ಚಿತ್ತವನ್ನು ಮರೆಯುವ ಮುನ್ನ ಅಲ್ಲೇ ಮುಗಿಸುವುದು. ಪ್ರಾರ್ಥನೆ ಮರೆತರೆ "ದೇವರೇ, ತಪ್ಪಾಯ್ತು, ಇನ್ನ ಮಾಡಂಗಿಲ್ಲ, ಸಹಾಯ ಮಾಡ್ರಿ" ಎಂದರೂ ಸಾಕು.

"ಫಾದರ್ ನಮ್ಮ ಅವ್ವಗ ಹೇಳ್ತಾರೇನ್ರಿ?" ಎಂಬುದು ಎಲ್ಲರ ಭಯ. ಮಕ್ಕಳಿಗೆ ಧೈರ್ಯ ಹೇಳಿ ಬಿಟ್ಟುಬಿಡದೆ ಪೋಷಕರಿಗೂ ಕಟ್ಟುನಿಟ್ಟಾಗಿ ತಿಳಿಸಿದರು: ಏನು ಹೇಳಿದೆ ಎಂದು ಯಾರೂ ಕೇಳಬಾರದು, ತಮಾಷೆಗೂ ಬೇಡ. ಕನ್ನಡ ಬಲ್ಲ ಗುರುವೊಬ್ಬರನ್ನು ಪಾಸ್ಕಕ್ಕೆ ಮುಂಚಿನ ತಪಸ್ಕಾಲದ ನಾಲ್ಕನೇ ವಾರಕ್ಕೆ ಕರೆಸಿದರು. ಕುರ್ಚಿ ಹಾಕಿದ್ದು ಚರ್ಚಿನ ಪಕ್ಕದ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಯಾರಿಗೂ ಕೇಳದಂತೆ. ಮಕ್ಕಳ ಸುರಕ್ಷತೆಗೂ ಮನಸ್ಸಿನ ನೆಮ್ಮದಿಗೂ ಈ ಏರ್ಪಾಡು ಮುಚ್ಚಿದ ಕೋಣೆಗಿಂತ ಎಷ್ಟೋ ಮೇಲು.

ಪೋಷಕರು

ಕರೆದ ಮೊದಲ ಸಭೆ ಭಾನುವಾರ ಬೆಳಿಗ್ಗೆ ಇತ್ತು, ಬಂದವರು ಐದು ಮನೆಯವರು. ಮುಂದಿನದನ್ನು ಓಣಿಯ ಒಂದು ಮನೆಯಲ್ಲಿ ರಾತ್ರಿ ಎಂಟಕ್ಕೆ ಇಟ್ಟಾಗ ಜಾಗ ಸಾಲದೆ ಹೊರಗೂ ಕೂತರು. ತಾಯಿಯೊಬ್ಬರು ಹೇಳಿದ ಮಾತು ಎಲ್ಲರದೂ ಆಗಿತ್ತು: "ನಮಗ ಕೊಂಕಣಿ ಓದಾಕ ಬರಂಗಿಲ್ರಿ. ಹುಡುಗ ಗಿಣಿ ಹಂಗ ಹೇಳ್ತಾನ, ಖರೇನೋ ಸುಳ್ಳೋ ನಮಗ ಗೊತ್ತಾಗಂಗಿಲ್ಲ." ಅವರಿಗೆ ಪುಸ್ತಕ ಕೊಡಲಿಲ್ಲ. ವಾರಕ್ಕೊಂದು ಪ್ರಶ್ನೆಯನ್ನು ಕನ್ನಡದಲ್ಲಿ ಧ್ವನಿಮುದ್ರಿಸಿ ವಾಟ್ಸಾಪ್‌ನಲ್ಲಿ ಕಳಿಸಿದರು, ಮಗುವನ್ನು ಮಲಗಿಸುವಾಗ ಕೇಳಿರಿ ಎಂದರು. 914ನೇ ವಿಧಿ ಸಿದ್ಧತೆಯ ಹೊಣೆಯನ್ನು ತಂದೆತಾಯಿಯ ಮೇಲೇ ಮೊದಲು ಇಡುತ್ತದೆ. ಹೊಣೆ ಹೊರಲು ಅವರು ಸಿದ್ಧರಿದ್ದರು, ದಾರಿ ಮಾತ್ರ ಕಾಣಿಸಿರಲಿಲ್ಲ.

ಆದದ್ದು

ಮಾರ್ಚ್ ಕೊನೆಯಲ್ಲಿ ಗುರುಗಳು ಮತ್ತೆ ಒಬ್ಬೊಬ್ಬರನ್ನೇ ಮಾತಾಡಿಸಿದರು. 16 ಮಕ್ಕಳು ಎರಡು ಓಸ್ತಿಗಳ ಭೇದವನ್ನು ತಮ್ಮದೇ ಮಾತಿನಲ್ಲಿ ಹೇಳಿದರು. ಉಳಿದವನು ಊರಿಗೆ ಹೋಗಿ ಬಂದು ಐದು ವಾರ ತಪ್ಪಿಸಿಕೊಂಡಿದ್ದ. ಜೊತೆಗೆ ಒಬ್ಬ ಹುಡುಗಿ ಪಾಠದಲ್ಲಿ ಎಲ್ಲರಿಗಿಂತ ಮುಂದಿದ್ದರೂ ಪಾಪನಿವೇದನೆಯ ಕುರ್ಚಿಯ ಮುಂದೆ ಕೂತು ಬಾಯಿಯೇ ತೆರೆಯಲಿಲ್ಲ. ಗುರುಗಳು ಒತ್ತಾಯಿಸಲಿಲ್ಲ, ಆಶೀರ್ವದಿಸಿ ಕಳಿಸಿದರು. ಪಾಪನಿವೇದನೆ ಮೊದಲು, ಪರಮಪ್ರಸಾದ ನಂತರ ಎಂಬ ಕ್ರಮವನ್ನು ಮುರಿಯುವುದು ಬೇಡ, ಹೆದರಿದ ಮಗುವಿನಿಂದ ದಿನಾಂಕಕ್ಕಾಗಿ ಮಾತು ಹೊರಡಿಸುವುದೂ ಬೇಡ ಎಂದು ಇಬ್ಬರನ್ನೂ ಆ ವರ್ಷ ಜೂನ್‌ನಲ್ಲಿ ಬಂದ ಕ್ರಿಸ್ತರ ಶರೀರ ಮತ್ತು ರಕ್ತದ ಮಹೋತ್ಸವದವರೆಗೆ ಕಾಯಿಸಿದರು.

ಹುಡುಗಿಯ ತಂದೆ ಸಿಟ್ಟಾದರು. ಬಿಳಿ ಫ್ರಾಕು ಹೊಲಿಸಿ ಆಗಿತ್ತು, ಗದಗದಿಂದ ಎಂಟು ಮಂದಿಗೆ ರೈಲು ಟಿಕೆಟ್ ಆಗಿತ್ತು. "ಪಾಠ ಬಂದಿಲ್ಲಂದ್ರ ಒಪ್ಪಬಹುದಿತ್ತು, ಇಕಿಗೆ ಎಲ್ಲಾ ಬರ್ತದಲ್ರಿ" ಎಂಬ ಅವರ ಮಾತಿಗೆ ಸುಲಭದ ಉತ್ತರವಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಗುರುಗಳ ನಿರ್ಧಾರ ಸರಿ. ಅದನ್ನು ಮನೆಗೆ ಹೋಗಿ ಮುಖತಃ ಹೇಳಿದ್ದು ಇನ್ನೂ ಸರಿ. ಮೇ ತಿಂಗಳ ಒಂದು ಮಾಮೂಲಿ ಶನಿವಾರ, ಯಾರೂ ಕರೆಯದೆ, ಹುಡುಗಿ ಅಜ್ಜಿಯ ಜೊತೆ ಬಂದು ಪಾಪನಿವೇದನೆ ಮಾಡಿದಳು. ಜೂನ್‌ನಲ್ಲಿ ಪರಮಪ್ರಸಾದ ಪಡೆದಳು. ಹುಡುಗನ ಮನೆಯವರು ಬಿತ್ತನೆಗೆಂದು ಊರಿಗೆ ಹೋಗಿದ್ದರಿಂದ ಅವನದು ಅಲ್ಲಿಯ ಧರ್ಮಕೇಂದ್ರದಲ್ಲೇ ಆಗಬೇಕಾಯಿತು.

ಮುಂದಿನ ತರಗತಿಗೆ ಉಳಿದದ್ದು

ಬಾಯಿಪಾಠವನ್ನು ಈ ಧರ್ಮಕೇಂದ್ರ ಕೈಬಿಟ್ಟಿಲ್ಲ, ಬಿಡಲೂಬಾರದು. ಪ್ರಾರ್ಥನೆ, ದಶಾಜ್ಞೆ, ಪೂಜೆಯ ಉತ್ತರ ನಾಲಿಗೆಯ ಮೇಲಿದ್ದರೆ ಮಗು ದೊಡ್ಡದಾದ ಮೇಲೂ ಅವು ಕೈಹಿಡಿಯುತ್ತವೆ. ಬದಲಾದದ್ದು ಸರದಿ: ಮೊದಲು ನೋಡುವುದು, ಕೇಳುವುದು, ಆಮೇಲೆ ವಾಕ್ಯ. ಒಕ್ಕೊರಲಿನ ಉತ್ತರವನ್ನು ಇನ್ನು ಕಲಿತದ್ದರ ಗುರುತೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಊರಿಗೆ ಹೋಗುವ ಮಗುವಿನ ಕೈಗೆ ಒಂದು ಚೀಟಿ ಕೊಡುತ್ತಾರೆ: ಜ್ಞಾನಸ್ನಾನ ಎಲ್ಲಿ ಆಗಿದೆ, ಯಾವ ಪಾಠದವರೆಗೆ ಬಂದಿದೆ, ಪಾಪನಿವೇದನೆ ಆಗಿದೆಯೇ ಇಲ್ಲವೇ. ಜ್ಞಾನಸ್ನಾನದ ಪ್ರಮಾಣಪತ್ರವನ್ನು ಜೂನ್‌ನಲ್ಲೇ ಕೇಳುತ್ತಾರೆ, ಏಕೆಂದರೆ ಕರ್ನಾಟಕದ ಊರಿನ ಧರ್ಮಕೇಂದ್ರದಿಂದ ಅದನ್ನು ತರಿಸಲು ಯಾರಾದರೂ ಊರಿಗೆ ಹೋಗಿ ಬರುವವರೆಗೆ ಕಾಯಬೇಕಾಗುತ್ತದೆ. ಗುರುಗಳು ಒಬ್ಬೊಬ್ಬರನ್ನೇ ಮಾತಾಡಿಸುವುದು ಈಗ ಎರಡು ಸಲ: ನವೆಂಬರ್‌ನಲ್ಲಿ ಒಮ್ಮೆ, ದಿನಾಂಕಕ್ಕೆ ಹತ್ತು ವಾರ ಮುಂಚೆ ಇನ್ನೊಮ್ಮೆ. ಮೊದಲ ಪಾಪನಿವೇದನೆಯೂ ಅದರ ಹಿಂದೆಯೇ ಮುಗಿಯುತ್ತದೆ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ತೆರೆಯುತ್ತದೆ. ಯಾವ ಮಗು ಈ ಸಲ, ಯಾವುದು ಜೂನ್‌ನಲ್ಲಿ ಎಂಬುದು ಅಷ್ಟರೊಳಗೆ ಮನೆಯವರಿಗೆ ತಿಳಿದಿರುತ್ತದೆ.